ವ್ಯಾನಿನಲ್ಲಿ ನಾಲ್ಕು ಹಾಸಿಗೆ, ಐದನೆಯವರು ಎಲ್ಲಿ ಮಲಗ್ತಾರೆ?

ಹನ್ನೆರಡು ದಿನ ರಜೆ, ನಾಲ್ಕು ಜನ ಗೆಳೆಯರು. ಸಕಲೇಶಪುರದಿಂದ ಇಳಿದು ಮಲ್ಪೆ, ಗೋಕರ್ಣ, ಆಮೇಲೆ ದಾಂಡೇಲಿ ಕಡೆ ಹತ್ತಿ ಬೆಂಗಳೂರಿಗೆ ವಾಪಸ್. ಹೋಟೆಲ್ ಬೇಡ, ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಳ್ಳೋಣ ಅಂತ ನಿರ್ಧಾರ ಆಯ್ತು. ವಿಚಾರಿಸಿದ ಮೊದಲ ಸಂಸ್ಥೆಯವರು ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ್ರು. ಮೇಲಿನಿಂದ ನೋಡಿದಂತೆ ವ್ಯಾನಿನ ನಕ್ಷೆ. ನಾಲ್ಕು ಹಾಸಿಗೆ, ಸಿಂಕ್, ಮೈಕ್ರೋವೇವ್, ಟಿವಿ, ಪುಟ್ಟ ಟಾಯ್ಲೆಟ್. ಕೆಳಗೆ ಸಣ್ಣ ಅಕ್ಷರದಲ್ಲಿ: ಚಾಲಕರು ಜೊತೆಗಿರುತ್ತಾರೆ, ಬಾಟಾ ದಿನಕ್ಕೆ 600 ರೂಪಾಯಿ.

ನಕ್ಷೆ ನೋಡ್ತಾ ಸುಮ್ಮನೆ ಕೇಳಿದೆ, "ಡ್ರೈವರ್ ಎಲ್ಲಿ ಮಲಗ್ತಾರೆ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸೀಟಲ್ಲೇ ಅಡ್ಜಸ್ಟ್ ಮಾಡ್ಕೋತಾರೆ ಸರ್, ಅವ್ರಿಗೆ ಅಭ್ಯಾಸ."

ಹನ್ನೆರಡು ರಾತ್ರಿ. ಕೂತ ಸೀಟಿನಲ್ಲಿ. ಬೆಳಗ್ಗೆ ಎದ್ದು ಘಾಟಿಯಲ್ಲಿ ನಮ್ಮನ್ನು ಇಳಿಸಬೇಕಾದವರು ಅವರೇ.

ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಹಾಕುವ ಫೋಟೋಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಕೀ ಕೈಗೆ ಕೊಡ್ತಾರೆ, ನೀವೇ ಓಡಿಸ್ತೀರಿ. ಇಲ್ಲಿ ಯಾಕೆ ಆಗಲ್ಲ? ಡ್ರೈವಿಂಗ್ ಲೈಸೆನ್ಸ್ ಅಡ್ಡಿ ಅಂತ ಹಲವರು ಅಂದುಕೊಂಡಿದ್ದಾರೆ, ಅದು ತಪ್ಪು. ಒಟ್ಟು ತೂಕ 7,500 ಕೆಜಿ ಒಳಗಿನ ವಾಣಿಜ್ಯ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲೇ ಹೇಳಿದೆ. ನಮ್ಮಲ್ಲಿ ಬಾಡಿಗೆಗೆ ಸಿಗುವ ಟೆಂಪೋ ಟ್ರಾವೆಲರ್ ಮಾದರಿಯ ವ್ಯಾನ್‌ಗಳು ಈ ಮಿತಿಯೊಳಗೇ ಬರ್ತವೆ.

ಅಡ್ಡಿ ಇರೋದು ಬಾಡಿಗೆಗೆ ಕೊಡುವವರ ಪರವಾನಗಿಯಲ್ಲಿ. ಚಾಲಕರಿಲ್ಲದೆ ವಾಹನ ಬಾಡಿಗೆಗೆ ಕೊಡೋದಕ್ಕೆ ಇರುವುದು 1989ರ ರೆಂಟ್-ಎ-ಕ್ಯಾಬ್ ಯೋಜನೆ. ಅದರ ಪರವಾನಗಿ ಬೇಕಂದ್ರೆ ಕನಿಷ್ಠ 50 ಕ್ಯಾಬ್ ಇರಬೇಕು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಕಾರು, ಅದೂ ದೊಡ್ಡ ಕಂಪನಿಯ ಕಾರು. ಬ್ಯಾಂಕ್ ಸಾಲ ಮಾಡಿ ಒಂದೋ ಎರಡೋ ವ್ಯಾನ್ ಕಟ್ಟಿಸಿಕೊಂಡವರಿಗೆ ಅಲ್ಲಿ ಜಾಗ ಇಲ್ಲ. ಅವರ ಮುಂದೆ ಉಳಿಯೋದು ಎರಡು ದಾರಿ: ಹಳದಿ ಬೋರ್ಡ್ ಹಾಕಿ ಚಾಲಕರ ಜೊತೆ ಕೊಡೋದು, ಇಲ್ಲಾ ಸ್ವಂತ ಬಳಕೆಯ ಬಿಳಿ ಬೋರ್ಡ್ ವ್ಯಾನನ್ನು 'ಫ್ರೆಂಡ್‌ದು ಅಂತ ಹೇಳಿ ಸರ್' ಅಂತ ಕದ್ದು ಕೊಡೋದು. ಎರಡನೆಯದಕ್ಕೆ ದಯವಿಟ್ಟು ಹೋಗಬೇಡಿ. ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡೋದೇ ಬೋರ್ಡಿನ ಬಣ್ಣ. ಜೊತೆಗೆ ಆರ್‌ಸಿಯನ್ನೂ ಕೇಳಿ ನೋಡಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನೋ ಪ್ರತ್ಯೇಕ ಮಾನದಂಡವೂ ಇದೆ. ಗ್ಯಾರೇಜಿನಲ್ಲಿ ಪ್ಲೈವುಡ್ ಹೊಡೆದು, ಗ್ಯಾಸ್ ಸಿಲಿಂಡರ್ ಕೂರಿಸಿದ ವ್ಯಾನ್‌ಗೂ ಈ ಮಾನದಂಡ ದಾಟಿ ಬಂದ ವ್ಯಾನ್‌ಗೂ ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ವ್ಯತ್ಯಾಸ ಕಾಣಲ್ಲ.

ಅಂದ್ರೆ ಕಾನೂನಿನ ಹಾದಿ ಹಿಡಿದ ಸಣ್ಣ ಮಾಲೀಕರ ಹತ್ತಿರ ಹೋದರೆ ಚಾಲಕರು ಇದ್ದೇ ಇರ್ತಾರೆ. ಇದನ್ನ ನಾನು ಕೊರತೆ ಅಂತ ಹೇಳ್ತಿಲ್ಲ. ಒಬ್ಬರಿಗೆ ಕೆಲಸ ಸಿಗುತ್ತೆ, ಘಾಟಿ ಗೊತ್ತಿರೋ ಕೈ ಸ್ಟೀರಿಂಗ್ ಮೇಲಿರುತ್ತೆ, ಒಳ್ಳೇದೇ. ಆದರೆ ಚಾಲಕರು ಕಡ್ಡಾಯ ಎಂಬಂತೆ ವ್ಯವಹಾರ ಕಟ್ಟಿ, ಅವರಿಗೆ ಹಾಸಿಗೆ ಮಾತ್ರ ಇಡದ ವಿನ್ಯಾಸ ಇದೆಯಲ್ಲ, ಅದು ಮರೆವಲ್ಲ. ಯಾರೋ ಕೂತು ಮೈಕ್ರೋವೇವ್‌ಗೂ ಟಿವಿಗೂ ಇಂಚು ಅಳೆದು ಜಾಗ ಮಾಡಿದ್ದಾರೆ.

ಎಂಜಿನಿಯರಿಂಗ್ ಓದಿದ್ದು ಹೀಗಾದರೂ ಉಪಯೋಗಕ್ಕೆ ಬರಲಿ ಅಂತ ಒಂದು ಲೆಕ್ಕ ಹಾಕಿದೆ. 'ರಾತ್ರಿಯಿಡೀ ಎಸಿ' ಅಂತಿತ್ತು ಪಿಡಿಎಫ್‌ನಲ್ಲಿ. ಬ್ಯಾಟರಿ 12 ವೋಲ್ಟ್, 200 ಆಂಪಿಯರ್-ಅವರ್. ಗುಣಿಸಿದರೆ 2.4 ಯೂನಿಟ್. 1 ಟನ್ ಎಸಿ ಗಂಟೆಗೆ ಹೆಚ್ಚೂಕಮ್ಮಿ 1 ಯೂನಿಟ್ ನುಂಗುತ್ತೆ. ಎರಡು ಗಂಟೆ ದಾಟಿದರೆ ಮುಗೀತು. ಹಾಗಾದ್ರೆ ರಾತ್ರಿಯಿಡೀ ಹೇಗೆ? "ಚಾರ್ಜಿಂಗ್ ಪಾಯಿಂಟ್ ಇಲ್ಲದಿದ್ರೆ ಜನರೇಟರ್ ಹಾಕ್ತೀವಿ ಸರ್."

ಜನರೇಟರ್ ಅಂದಾಗ ನನಗೆ ವಡಗರ ನೆನಪಾಯ್ತು. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆ ಊರಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರ ಶವ ಸಿಕ್ಕಿತು. ಎಸಿಗಾಗಿ ಜನರೇಟರ್ ಹಾಕಿಕೊಂಡು ಮಲಗಿದ್ದರು, ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗಲ್ಲ. ಸತ್ತವರು ಪ್ರವಾಸಿಗರಲ್ಲ. ಒಬ್ಬರು ಅದೇ ವಾಹನದ ಚಾಲಕರು, ಇನ್ನೊಬ್ಬರು ಜೊತೆಗಿದ್ದ ನೌಕರ. ಕ್ಯಾರವಾನ್ ಟೂರಿಸಂಗೆ ದೇಶದಲ್ಲೇ ಜೋರಾಗಿ ಪ್ರಚಾರ ಕೊಟ್ಟ ರಾಜ್ಯ ಅದು. 2021ರಲ್ಲಿ 'ಕೇರವಾನ್ ಕೇರಳ' ಅಂತ ನೀತಿ ತಂದು, ಮೊದಲ 100 ಕ್ಯಾರವಾನ್‌ಗಳಿಗೆ 7.5 ಲಕ್ಷ ರೂಪಾಯಿ ಅಥವಾ ಹೂಡಿಕೆಯ ಶೇ 15, ಯಾವುದು ಕಡಿಮೆಯೋ ಅಷ್ಟು ಸಬ್ಸಿಡಿ ಘೋಷಿಸಿತ್ತು. ಸಾರ್ವಜನಿಕ ದುಡ್ಡು ವ್ಯಾನಿಗೆ ಹೋಗೋದಾದರೆ ಅದರ ಜೊತೆ ಒಂದು ಷರತ್ತೂ ಹೋಗಬಹುದು: ಚಾಲಕರಿಗೆ ಹಾಸಿಗೆ, ಕ್ಯಾಬಿನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅಲಾರಂಗೆ ಆಗೋ ಖರ್ಚು ಆ ಟಿವಿಯ ಬೆಲೆಯ ಮುಂದೆ ಏನೇನೂ ಅಲ್ಲ.

ಇನ್ನು ಟಾಯ್ಲೆಟ್. ಇದರ ಬಗ್ಗೆ ಯಾರೂ ಮಾತಾಡಲ್ಲ, ರೀಲ್‌ಗಳಲ್ಲಂತೂ ಇಲ್ಲವೇ ಇಲ್ಲ. ನಮ್ಮ ವ್ಯಾನ್‌ನಲ್ಲಿದ್ದದ್ದು ಕ್ಯಾಸೆಟ್ ಟಾಯ್ಲೆಟ್, ಅಂದ್ರೆ ಕೆಳಗೆ ಸುಮಾರು 20 ಲೀಟರಿನ ಡಬ್ಬಿ. ನಾಲ್ಕು ಜನ ಬಳಸಿದರೆ ಎರಡು ದಿನಕ್ಕೆ ತುಂಬುತ್ತೆ. "ಖಾಲಿ ಯಾರು ಮಾಡ್ತಾರೆ?" "ಅದೆಲ್ಲ ಡ್ರೈವರ್ ನೋಡ್ಕೋತಾರೆ, ನೀವು ತಲೆ ಕೆಡಿಸ್ಕೋಬೇಡಿ." "ಎಲ್ಲಿ ಖಾಲಿ ಮಾಡ್ತಾರೆ?" ಅದಕ್ಕೆ ಉತ್ತರ ಬರಲಿಲ್ಲ. ಪಶ್ಚಿಮಘಟ್ಟದ ಹಾದಿ, ಕಾಡು, ಹೊಳೆ. ಊಹಿಸೋದು ಕಷ್ಟ ಅಲ್ಲ.

ನ್ಯೂಜಿಲೆಂಡ್‌ನಲ್ಲಿ ಈ ಡಬ್ಬಿಯ ಬಗ್ಗೆ ಕಾನೂನೇ ಇದೆ. ವ್ಯಾನ್‌ನಲ್ಲಿ ಸ್ಥಿರವಾಗಿ ಜೋಡಿಸಿದ ಟಾಯ್ಲೆಟ್ ಇದ್ದರೆ ಮಾತ್ರ 'ಸ್ವಯಂಪೂರ್ಣ' ವಾಹನ ಅನ್ನೋ ಮಾನ್ಯತೆ ಅಂತ 2023ರಲ್ಲಿ ನಿಯಮ ಬಿಗಿ ಮಾಡಿದರು. ಊರೂರಿಗೆ ಡಂಪ್ ಸ್ಟೇಷನ್‌ಗಳಿವೆ, ಬಳಸಿದವರೇ ಹೋಗಿ ಖಾಲಿ ಮಾಡಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಒಂದು ಜಾತಿ ಇತ್ತು, ಇದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ವ್ಯಾಖ್ಯೆಯೊಳಗೆ ಈ ಡಬ್ಬಿ ಬರುತ್ತೋ ಇಲ್ವೋ ವಕೀಲರು ವಾದಿಸಿಕೊಳ್ಳಲಿ. 600 ರೂಪಾಯಿ ಬಾಟಾ ಕೊಟ್ಟು ನಮ್ಮ ಮಲವನ್ನು ಇನ್ನೊಬ್ಬರ ಕೈಗೆ ಕೊಡೋದಕ್ಕೆ 'ಲಕ್ಷುರಿ' ಅಂತ ಹೆಸರಿಟ್ಟಿದ್ದೀವಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಚಾಲಕರಿಗೆ ಕಾನೂನಿನ ರಕ್ಷಣೆ ಇಲ್ವಾ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮಿತಿ ಹಾಕಿತ್ತು, ವಾರಕ್ಕೊಂದು ರಜೆ ಹೇಳಿತ್ತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ. ಅದಕ್ಕಿಂತ ವಿಚಿತ್ರ 'ಕೆಲಸದ ಅವಧಿ'ಯ ವ್ಯಾಖ್ಯೆ: ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಸಮಯ 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಕೆಲಸ. ಅದಕ್ಕಿಂತ ಹೆಚ್ಚು ಕಾದರೆ ಲೆಕ್ಕಕ್ಕಿಲ್ಲ. ಬಸ್ ನಿಲ್ದಾಣ ನೋಡಿ ಬರೆದ ಮಾತದು. ಅದೇ ತರ್ಕವನ್ನು ನಮ್ಮ ಟ್ರಿಪ್‌ಗೆ ಹಾಕಿ ನೋಡಿ. ನಾವು ಬೀಚ್‌ನಲ್ಲಿ ನಾಲ್ಕು ಗಂಟೆ ಕಳೆದು ಬರೋವರೆಗೆ ವ್ಯಾನ್ ಕಾಯುತ್ತಾ ಬಿಸಿಲಲ್ಲಿ ಕೂತವರು 'ವಿಶ್ರಾಂತಿ'ಯಲ್ಲಿದ್ದಾರೆ. ಆ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿದೆ. ಒಬ್ಬ ಮಾಲೀಕ, ಒಬ್ಬ ಚಾಲಕ ಇರುವ ವ್ಯಾನಿಗೆ ಯಾವ ಕಾರ್ಮಿಕ ಅಧಿಕಾರಿ ಬಂದು ಲಾಗ್‌ಬುಕ್ ನೋಡ್ತಾರೆ ಹೇಳಿ.

ಆಗಲ್ಲ ಅಂತೇನಿಲ್ಲ. ಹೋಟೆಲ್, ಲಾಡ್ಜ್‌ಗಳು ಅತಿಥಿಗಳ ಚಾಲಕರಿಗೆ ಮಲಗುವ ಜಾಗ, ಶೌಚಾಲಯ ಕೊಡಬೇಕು ಅಂತ ತಮಿಳುನಾಡು 2023ರಲ್ಲಿ ಕಟ್ಟಡ ನಿಯಮಕ್ಕೇ ತಿದ್ದುಪಡಿ ತಂತು. ಕಟ್ಟಡಕ್ಕೆ ಹಾಕಿದ ನಿಯಮವನ್ನು ಚಕ್ರ ಇರುವ ಹೋಟೆಲ್‌ಗೂ ಹಾಕಬಹುದು. ನಮ್ಮ ಪ್ರವಾಸೋದ್ಯಮ ಇಲಾಖೆ ಇದನ್ನು ಮಾಡೋಕೆ ಹೊಸ ಆಯೋಗ ಬೇಡ, ನೋಂದಣಿ ಅರ್ಜಿಯಲ್ಲಿ ಒಂದು ಸಾಲು ಸಾಕು.

'ನಿದ್ದೆಗೆಟ್ಟ ಚಾಲಕರಿಂದ ನಿಮ್ಮ ಜೀವಕ್ಕೇ ಅಪಾಯ' ಅಂತ ಬರೆದರೆ ಈ ಲೇಖನ ಹೆಚ್ಚು ಶೇರ್ ಆಗಬಹುದು. ನಿಜವೂ ಹೌದು. ಆದರೂ ಒಬ್ಬರ ನಿದ್ದೆಗೆ ನಮ್ಮ ಜೀವದ ನೆಪ ಬೇಕಾಗೋದು ನನಗೆ ಇಷ್ಟ ಆಗಲ್ಲ.

ಕೊನೆಗೆ ನಾವು ಇನ್ನೊಬ್ಬರ ಹತ್ತಿರ ವ್ಯಾನ್ ತಗೊಂಡ್ವಿ. ಅವರದ್ದು ಒಂದೇ ವ್ಯಾನ್, ಅವರೇ ಚಾಲಕರು. ಕ್ಯಾಬಿನ್ ಮೇಲ್ಗಡೆ ಮಡಚುವ ಹಾಸಿಗೆ ಮೊದಲು ಇತ್ತಂತೆ, ಲಗೇಜ್‌ಗೆ ಜಾಗ ಸಾಲಲ್ಲ ಅಂತ ಗಿರಾಕಿಗಳು ಗೊಣಗಿದ್ದಕ್ಕೆ ತೆಗೆಸಿದ್ದರು. "ಡ್ರೈವರ್ ಎಲ್ಲಿ ಮಲಗ್ತಾರೆ ಅಂತ ಇದುವರೆಗೆ ಯಾರೂ ಕೇಳಿಲ್ಲ" ಅಂದ್ರು. ಈಗ ಮಾಡಿಕೊಂಡಿರುವ ಏರ್ಪಾಡು ಇಷ್ಟು: ರಾತ್ರಿ ವ್ಯಾನ್ ನಿಲ್ಲೋದು ಹೋಂಸ್ಟೇ ಅಂಗಳಗಳಲ್ಲಿ ಮಾತ್ರ, ಅಲ್ಲಿ ಅವರಿಗೊಂದು ಕೋಣೆ. ರಾತ್ರಿಗೆ 700 ರೂಪಾಯಿಯಂತೆ 12 ರಾತ್ರಿಗೆ 8,400, ತಲೆಗೆ 2,100. ದಿನಕ್ಕೆ 8 ಗಂಟೆ ಮೀರಿ ಡ್ರೈವಿಂಗ್ ಇಲ್ಲ, ಆರನೇ ದಿನ ಗೋಕರ್ಣದಲ್ಲಿ ಅವರಿಗೂ ರಜೆ. ಜನರೇಟರ್ ಬೇಡ, ಫ್ಯಾನ್ ಸಾಕು. ಟಾಯ್ಲೆಟ್ ಡಬ್ಬಿಯನ್ನು ಹೋಂಸ್ಟೇಯವರ ಒಪ್ಪಿಗೆ ಪಡೆದು ಅವರ ಶೌಚಾಲಯಕ್ಕೇ ಸುರಿಯೋದು. ಸೆಪ್ಟಿಕ್ ಟ್ಯಾಂಕ್‌ನ ಬ್ಯಾಕ್ಟೀರಿಯಾ ಸಾಯಬಾರದು ಅಂತ ಅದಕ್ಕೆ ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಹಾಕ್ತಿಲ್ಲ. ಡಬ್ಬಿ ಎತ್ತೋ ಪಾಳಿ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಪಿನ್ ಆಗಿದೆ, ಮೊದಲ ಹೆಸರು ನನ್ನದು.