ಮನದ ಬೇನೆಗೆ ಮರೆಯೇಕೆ?



ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮಗನಿಗೆ ಜ್ವರ ಬಂದರೆ ಕೇರಿಗೆಲ್ಲ ತಿಳಿಯುತ್ತದೆ. ಅದೇ ಮಗ ನಿದ್ರೆಯಿಲ್ಲದೆ, ಊಟ ಬಿಟ್ಟು, ಕಾಲೇಜಿಗೂ ಹೋಗದೆ ತಿಂಗಳುಗಟ್ಟಲೆ ಕೋಣೆಯಲ್ಲಿ ಕುಳಿತರೆ ಮನೆಯವರು ಬಾಯಿ ಬಿಡುವುದಿಲ್ಲ. ಮುಂದೆ ಸಂಬಂಧ ಕೂಡಿಬಾರದೆಂಬ ಭಯ. ಹೆಣ್ಣುಮಗಳಾದರೆ ಆ ಭಯ ಇಮ್ಮಡಿ. ತಾಯಿತ, ಹರಕೆಗಳಲ್ಲಿ ವರ್ಷ ಕಳೆದು, ಕೊನೆಗೆ ಹೊರಟರೂ ಊರಿನವರ ಕಣ್ಣಿಗೆ ಬೀಳದಂತೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಅದು ಒಳ್ಳೆಯ ಸಂಸ್ಥೆಯೇ. ಆದರೆ ಮೊದಲ ಭೇಟಿಯ ನಂತರ ಮಳೆಗಾಲ, ಅಡಿಕೆ ಕೊಯ್ಲು, ಬಸ್ಸಿನ ಖರ್ಚು ಅಡ್ಡಬರುತ್ತವೆ. ತುಸು ಚೇತರಿಸಿದೊಡನೆ ಮಾತ್ರೆ ನಿಲ್ಲುತ್ತದೆ. ವೈದ್ಯರನ್ನು ಕೇಳದೆ ಹೀಗೆ ಬಿಟ್ಟಾಗಲೇ ಬೇನೆ ಮರುಕಳಿಸುವುದು ಹೆಚ್ಚು.

ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ನೋಡಲೆಂದು ರಾಜ್ಯ ಸರ್ಕಾರವು 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ತಾಲೂಕಿಗೆ ಯಾವ ವಾರ ಬರುವರೆಂದು ವಿಚಾರಿಸೋಣ. ಬಾರದಿದ್ದರೆ ಏಕೆಂದು ಕೇಳೋಣ. ಕೇಳಲು ನಾಚುವ ಊರಿಗೆ ವೈದ್ಯರಾದರೂ ಏಕೆ ಬಂದಾರು? 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಸಾವಿನ ಮಾತನಾಡುವ ಮಕ್ಕಳನ್ನಂತೂ ಗದರಿಸದೆ, ಒಂಟಿಯಾಗಿ ಬಿಡದೆ, ತೋಟಕ್ಕೆ ತಂದ ಔಷಧಿಗಳಿಗೆ ಬೀಗ ಹಾಕಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೂಜೆಯಿಂದ ಗುಣವಾದೀತೇ ಎಂದು ಮಠದಲ್ಲಿ ತಾಯಂದಿರು ಕೇಳುವುದುಂಟು. ಪೂಜೆ ನಡೆಯಲಿ, ಮಾತ್ರೆಯೂ ನಡೆಯಲಿ. ಆಸ್ಪತ್ರೆಯ ಸರದಿಯಲ್ಲಿ ಮಗನೊಡನೆ ನಿಲ್ಲುವವರು ಬಹುತೇಕ ಈ ತಾಯಂದಿರೇ. ಮುಂದಿನ ಮಂಗಳವಾರ ತಂದೆಯೂ ಜೊತೆಗೆ ಹೊರಡಲಿ.