ವಾಹನಕ್ಕೆ ತಕ್ಕ ತಂತಿ

ಕಬ್ಬಿನ ಕಟಾವಿನ ಕಾಲದಲ್ಲಿ ಮಂಡ್ಯದ ಕಡೆಯಲ್ಲಾಗಲಿ ಬೆಳಗಾವಿಯ ಕಡೆಯಲ್ಲಾಗಲಿ ರಾತ್ರಿಯ ಹೊತ್ತು ಪ್ರಯಾಣ ಮಾಡಿದವರಿಗೆ ಈ ಅನುಭವ ಹೊಸದಲ್ಲ. ರಸ್ತೆ ಬರಿದಾಗಿದೆಯೆಂದು ಭಾವಿಸುತ್ತಿರುವಾಗಲೇ, ಹತ್ತಿಪ್ಪತ್ತು ಗಜ ದೂರದಲ್ಲಿ ಕರಿಯ ಗೋಡೆಯೊಂದು ಎದ್ದು ನಿಂತಂತೆ, ಕಬ್ಬು ಹೇರಿದ ಟ್ರೇಲರು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹಿಂದೀಪ ಇಲ್ಲವೆನ್ನುವಂತಿಲ್ಲ. ಇದೆ, ಆದರೆ ಸೇದಿ ಎಸೆದ ಬೀಡಿಯ ತುದಿಯಷ್ಟು ಬೆಳಕು. ಚಾಲಕನು ಬ್ರೇಕನ್ನು ತುಳಿದಾಗ ಪ್ರಜ್ವಲಿಸಬೇಕಾದ ಕೆಂಪು ದೀಪವೂ ಅಷ್ಟೇ ಬಡವಾಗಿರುತ್ತದೆ. ಇಂತಹ ಟ್ರೇಲರಿಗೆ ಹಿಂದಿನಿಂದ ಮೋಟಾರು ಸೈಕಲ್ಲಿನವರು ಬಂದು ಬಡಿದ ವಾರ್ತೆಯನ್ನು ಓದಿದಾಗ ನಾವು ಚಾಲಕನನ್ನು ಬಯ್ಯುತ್ತೇವೆ, ಬಲ್ಬನ್ನು ಬಯ್ಯುತ್ತೇವೆ, ಬ್ಯಾಟರಿಯನ್ನು ಬಯ್ಯುತ್ತೇವೆ. ತಂತಿಯನ್ನು ಬಯ್ದವರನ್ನು ನಾವು ಇದುವರೆಗೆ ಕಂಡಿಲ್ಲ.

ಕಳೆದ ಹಂಗಾಮಿನಲ್ಲಿ ಪರಿಚಿತ ರೈತರೊಬ್ಬರ ಅಂಗಳದಲ್ಲಿ ನಿಂತಿದ್ದ ಇಂತಹುದೇ ಒಂದು ಟ್ರೇಲರನ್ನು ಪರೀಕ್ಷಿಸುವ ಅವಕಾಶ ನಮಗೆ ಒದಗಿತು. ಬಲ್ಬುಗಳೆರಡೂ ಹೊಸವು, ತಲಾ 21 ವಾಟಿನವು. ಬ್ಯಾಟರಿಯ ತುದಿಗಳಲ್ಲಿ ಮೀಟರು 12.4 ವೋಲ್ಟುಗಳನ್ನು ತೋರಿಸಿತು. ಬ್ರೇಕನ್ನು ತುಳಿಯಲು ಹೇಳಿ ಅದೇ ಮೀಟರನ್ನು ಬಲ್ಬಿನ ಬುಡಕ್ಕೆ ಹಿಡಿದೆವು, 9.1 ವೋಲ್ಟು. ಉಳಿದ ಮೂರು ಚಿಲ್ಲರೆ ವೋಲ್ಟುಗಳು ದಾರಿಯಲ್ಲಿಯೇ ಕಳೆದುಹೋಗಿದ್ದುವು. ತಂತುದೀಪದ ಬೆಳಕು ವೋಲ್ಟೇಜಿನ ಸರಿಸಮಕ್ಕೆ ಇಳಿಯುವುದಿಲ್ಲ. ಅದರ ಸುಮಾರು ಮೂರೂವರೆಯನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಆದಕಾರಣ ವೋಲ್ಟೇಜಿನಲ್ಲಿ ಕಾಲು ಭಾಗ ನಷ್ಟವಾದರೆ ಬೆಳಕಿನಲ್ಲಿ ಅರ್ಧಕ್ಕೂ ಮೀರಿ ನಷ್ಟವಾಗುತ್ತದೆ. ದೀಪದ ಬಡತನಕ್ಕೆ ಕಾರಣ ಇಷ್ಟೇ.

ನಷ್ಟವಾದದ್ದು ಎಲ್ಲಿ? ಓಮನ ನಿಯಮವನ್ನು ಓದಿದ ಯಾವ ವಿದ್ಯಾರ್ಥಿಯೂ ಇದನ್ನು ಕಂಡುಹಿಡಿಯಬಲ್ಲನು. ಒಂದು ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ, ಒಂದು ಮೀಟರು ಉದ್ದದ ತಾಮ್ರದ ತಂತಿಯ ರೋಧವು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 0.0172 ಓಮ್. ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮಿಕ್ಕದ್ದೆಲ್ಲ ಗುಣಾಕಾರ ಭಾಗಾಕಾರ. ಆ ಟ್ರೇಲರಿಗೆ ಎಳೆದಿದ್ದುದು ಅರ್ಧ ಚದರ ಮಿಲಿಮೀಟರಿನ ತೆಳು ತಂತಿ. ಉದ್ದ ಸುಮಾರು 10 ಮೀಟರು. ಅಂದರೆ 0.34 ಓಮ್. ಅದರಲ್ಲಿ ಮೂರು ಆಂಪೇರು ಹರಿದರೆ ಒಂದು ವೋಲ್ಟು ಹೋಯಿತು. ಹಾಗಾದರೆ ಉಳಿದ ಎರಡು ವೋಲ್ಟು? ಬಲ್ಬಿನಿಂದ ಬ್ಯಾಟರಿಗೆ ಹಿಂದಿರುಗಲು ಬೇರೆ ತಂತಿಯನ್ನೇ ಹಾಕಿರಲಿಲ್ಲ. ಪ್ರವಾಹವು ಟ್ರೇಲರಿನ ಕಬ್ಬಿಣದ ಮೈಯಲ್ಲಿ ಹರಿದು, ಟ್ರ್ಯಾಕ್ಟರಿಗೆ ಅದನ್ನು ಜೋಡಿಸುವ ಕೊಂಡಿಯ ಮೂಲಕ ಹಾದು ಹೋಗಬೇಕಾಗಿತ್ತು. ಕೊಂಡಿಯೋ, ತುಕ್ಕು, ಗ್ರೀಸು, ಕಬ್ಬಿನ ಧೂಳು ಇವುಗಳ ಭಂಡಾರ. ವಾಹನದ ಲೋಹದ ಮೈಯನ್ನೇ ವಾಹಕವನ್ನಾಗಿ ಬಳಸಿಕೊಳ್ಳುವುದು ಒಂದೇ ಬೆಸುಗೆಯ ಚೌಕಟ್ಟಿರುವ ಕಾರಿನಲ್ಲಿ ಒಳ್ಳೆಯ ಉಪಾಯ. ಕುಲುಕಾಡುವ ಕೊಂಡಿಯನ್ನು ನಂಬಿ ಅದೇ ಉಪಾಯವನ್ನು ಟ್ರೇಲರಿಗೆ ಅನ್ವಯಿಸುವುದು ತಪ್ಪೆಂದೇ ನಮ್ಮ ಅಭಿಪ್ರಾಯ.

ಹೋಗಲು ಒಂದು, ಬರಲು ಒಂದು, ಹೀಗೆ ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಎಳೆಸಿದ ಮೇಲೆ ಬಲ್ಬಿನ ಬುಡದಲ್ಲಿ ಮೀಟರು 11.8 ವೋಲ್ಟು ತೋರಿಸಿತು. ಬಲ್ಬು ಅದೇ, ಬ್ಯಾಟರಿಯೂ ಅದೇ. ಮನೆಯ ಯಜಮಾನರು ಅಂಗಳದ ಆಚೆಯ ತುದಿಗೆ ಹೋಗಿ ನಿಂತು ನೋಡಿ, ‘ಇದು ನಮ್ಮ ಗಾಡಿಯೇ ಏನು?’ ಎಂದರು.

ಇಷ್ಟು ಸುಲಭವಾದ ಸಂಗತಿಯನ್ನು ಜಾಣರಾದ ಮೆಕ್ಯಾನಿಕ್ಕುಗಳೂ ಏತಕ್ಕೆ ಕಡೆಗಣಿಸುತ್ತಾರೆ? ನಮ್ಮೆಲ್ಲರ ಕಣ್ಣು ಮನೆಯ ತಂತಿಗೆ ಪಳಗಿರುವುದೇ ಇದಕ್ಕೆ ಕಾರಣವೆಂದು ನಾವು ಬಗೆಯುತ್ತೇವೆ. ಕಾರಿನ ಎರಡು ಮುಂದೀಪಗಳಿಗೆ ಬೇಕಾದ 110 ವಾಟು ಶಕ್ತಿಯನ್ನು ಮನೆಯ 230 ವೋಲ್ಟಿನಲ್ಲಿ ಒದಗಿಸಲು ಅರ್ಧ ಆಂಪೇರೂ ಬೇಡ. ಅದನ್ನೇ 12 ವೋಲ್ಟಿನಲ್ಲಿ ಒದಗಿಸಲು ಒಂಬತ್ತು ಆಂಪೇರಿಗೂ ಹೆಚ್ಚು ಬೇಕು. ತಂತಿಯಲ್ಲಿ ಉತ್ಪತ್ತಿಯಾಗುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದಷ್ಟೆ? ಆದ್ದರಿಂದ ಅದೇ ಉದ್ದದ, ಅದೇ ದಪ್ಪದ ತಂತಿಯಲ್ಲಿ, ಅದೇ ಬೆಳಕಿಗಾಗಿ, ಮನೆಯಲ್ಲಿ ಆಗುವ ನಷ್ಟದ 367ರಷ್ಟು ಪಟ್ಟು ನಷ್ಟ ವಾಹನದಲ್ಲಿ ಆಗುತ್ತದೆ. ಮನೆಯಲ್ಲಿ ಹತ್ತು ದೀಪಗಳನ್ನು ಉರಿಸುವ ತಂತಿ ವಾಹನದ ಎರಡು ದೀಪಕ್ಕೆ ಸಾಲದೆ? ಎಂದು ಕೇಳುವವರಿಗೆ ಈ 367 ಉತ್ತರ.

ವಾಹನಗಳನ್ನು ನಿರ್ಮಿಸುವವರಿಗೂ ಈ ಪಾಠ ಕ್ರಮೇಣವೇ ಬಂದಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂದ ನಂತರ ವಾಹನದ ವಿದ್ಯುತ್ತಿನ ಹಸಿವು ಬೆಳೆಯುತ್ತಲೇ ಹೋಯಿತು. ಬಹುಕಾಲ ಬಳಕೆಯಲ್ಲಿದ್ದ 6 ವೋಲ್ಟು 1950ರ ದಶಕದಲ್ಲಿ 12ಕ್ಕೆ ಎಡೆಮಾಡಿಕೊಟ್ಟಿತು. ದೊಡ್ಡ ಲಾರಿ ಬಸ್ಸುಗಳು 24ಕ್ಕೆ ಏರಿದುವು. 2023ರಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ಸೈಬರ್‌ಟ್ರಕ್ಕಿನಲ್ಲಿ ದೀಪ ಮೊದಲಾದ ಸಾಮಾನ್ಯ ಉಪಕರಣಗಳಿಗೂ 48 ವೋಲ್ಟು. ವೋಲ್ಟು ಇಮ್ಮಡಿಸಿದರೆ ಅದೇ ತಂತಿಯಲ್ಲಿ ನಷ್ಟದ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ತಂತಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಸುಡುವುದೇ? ಇದು ದೀಪವನ್ನು ಉಪವಾಸ ಕೆಡವುವುದೇ? ಮೊದಲನೆಯದನ್ನು ಕೆಲವರಾದರೂ ಕೇಳುತ್ತಾರೆ. ತಂತಿಯನ್ನು ಮುಟ್ಟಿ ನೋಡಿ ‘ಬಿಸಿಯಾಗಿಲ್ಲ, ಸರಿಯಾಗಿದೆ’ ಎನ್ನುತ್ತಾರೆ. ನಮ್ಮ ಟ್ರೇಲರಿನ ತಂತಿಯೂ ಬಿಸಿಯಾಗಿರಲಿಲ್ಲ. ನಷ್ಟವಾದ ಮೂರು ವಾಟಿನಷ್ಟು ಶಾಖವು 10 ಮೀಟರು ಉದ್ದಕ್ಕೆ ಹಂಚಿಹೋದರೆ ಕೈಗೆ ತಿಳಿಯುವುದು ಹೇಗೆ? ಉದ್ದ ಹೆಚ್ಚಿರುವೆಡೆ ಎರಡನೆಯ ಪ್ರಶ್ನೆಯೇ ಮುಖ್ಯ. ಮೋಟಾರು ಸೈಕಲ್ಲಿನಂತಹ ಚಿಕ್ಕ ವಾಹನದಲ್ಲಿ ಮೊದಲನೆಯದು.

ಆ ಮೊದಲನೆಯದು ಪ್ರಾಣದ ಪ್ರಶ್ನೆ. ಐದು ಮೀಟರು ಉದ್ದದ ಅದೇ ತೆಳು ತಂತಿಯ ಹೊದಿಕೆ ಎಲ್ಲಿಯೋ ತುದಿಯಲ್ಲಿ ಉಜ್ಜಿ ಹರಿದು, ಒಳಗಿನ ತಾಮ್ರವು ವಾಹನದ ಮೈಗೆ ತಗಲಿತೆನ್ನೋಣ. ಸುಮಾರು 70 ಆಂಪೇರು ಹರಿಯುತ್ತದೆ. ಶಾಖವು ಹೊರಕ್ಕೆ ಹೋಗಲು ವೇಳೆಯಿಲ್ಲವಾದ್ದರಿಂದ ತಾಮ್ರದ ಉಷ್ಣತೆ ಮೊದಲ ಸೆಕೆಂಡಿನಲ್ಲಿಯೇ ಸುಮಾರು ನೂರು ಡಿಗ್ರಿಯಷ್ಟು ಏರಬಲ್ಲದು. ಎರಡನೆಯ, ಮೂರನೆಯ ಸೆಕೆಂಡಿಗೆ ಹೊದಿಕೆ ಕರಗಿ, ಹೊಗೆಯೆದ್ದು, ಪಕ್ಕದ ತಂತಿಗಳೂ ಬೆತ್ತಲೆಯಾಗುತ್ತವೆ. ಇದನ್ನು ತಡೆಯಲೆಂದೇ ಬ್ಯಾಟರಿಯ ಸಮೀಪದಲ್ಲಿ ಫ್ಯೂಸು ಇರುವುದು. ಫ್ಯೂಸು ದೀಪವನ್ನು ಕಾಯುತ್ತದೆಂದು ತಿಳಿದವರು ಬಹಳ ಮಂದಿ. ಅದು ಕಾಯುವುದು ತಂತಿಯನ್ನು. ಆದುದರಿಂದ ಫ್ಯೂಸಿನ ಆಂಪೇರು ತಂತಿ ತಾಳುವ ಆಂಪೇರಿಗಿಂತ ಕಡಿಮೆಯಿರಬೇಕು. 10 ಆಂಪೇರಿನ ಕೆಂಪು ಫ್ಯೂಸು ಪದೇ ಪದೇ ಸುಟ್ಟುಹೋಗುತ್ತದೆಂದು ಆ ಜಾಗಕ್ಕೆ 30ರ ಹಸಿರು ಫ್ಯೂಸನ್ನು ತುರುಕುವುದುಂಟು. 30 ಆಂಪೇರು ಹರಿದಾಗ ಆ ತೆಳು ತಂತಿಯ ಪ್ರತಿ ಮೀಟರಿನಲ್ಲಿಯೂ ಹುಟ್ಟುವ ಶಾಖ 31 ವಾಟು; ರೇಡಿಯೋ ರಿಪೇರಿಯವರ ಬೆಸುಗೆಯ ಕಡ್ಡಿಗೆ 25 ವಾಟು ಸಾಕು. ಫ್ಯೂಸು ಮಾತ್ರ ತಣ್ಣಗೆ ಕುಳಿತಿರುತ್ತದೆ. ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಫ್ಯೂಸಿಗೆ ಸುತ್ತುವ ಚಾತುರ್ಯದ ವಿಷಯ ಹೇಳುವುದೇ ಬೇಡ.

ಅಂಗಡಿಯಲ್ಲಿ ಕೊಳ್ಳುವಾಗಲೂ ತೊಡಕುಗಳಿವೆ. ತಂತಿಯನ್ನು ಗೇಜಿನ ಸಂಖ್ಯೆಯಿಂದ ಕೇಳಬಾರದೆಂದು ನಾವು ಹೇಳುತ್ತೇವೆ. 14ನೆಯ ಗೇಜು ಎಂದರೆ ಬ್ರಿಟಿಷ್ ಪಟ್ಟಿಯಲ್ಲಿ 2.03 ಮಿಲಿಮೀಟರು ವ್ಯಾಸ. ಅಮೆರಿಕದ ಪಟ್ಟಿಯಲ್ಲಿ 1.63. ತಾಮ್ರದ ಪ್ರಮಾಣದಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟಿಗೂ ಹೆಚ್ಚು. ಸಾಲದುದಕ್ಕೆ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳುವು! ಚದರ ಮಿಲಿಮೀಟರಿನಲ್ಲಿ ಕೇಳಿದರೆ ಈ ಗೊಂದಲವಿಲ್ಲ. ಹೊರಗಿನ ದಪ್ಪವನ್ನು ನೋಡಿ ಮೋಸಹೋಗಲೂಬಾರದು. ಅದು ಪ್ಲಾಸ್ಟಿಕ್ಕಿನ ದಪ್ಪವಾಗಿರಬಹುದು. ಬಹಳ ಅಗ್ಗದ ತಂತಿ ಸಿಕ್ಕಿದರೆ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ತೆಳುಪೊರೆ ಹೊದ್ದ ಅಲ್ಯುಮಿನಿಯಂ. ಅದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರದ ಕಲಾಯಿ ಮಾಡಿದ ಒಳ್ಳೆಯ ತಾಮ್ರ.

ಮನೆಯ ತಂತಿಯನ್ನೇ ದಪ್ಪವಾದುದನ್ನು ನೋಡಿ ಹಾಕಬಾರದೆ? ಸಾಮಾನ್ಯ ಮನೆ ತಂತಿಯ ಹೊದಿಕೆ ತಾಳುವುದು 70 ಡಿಗ್ರಿ. ವಾಹನಗಳಿಗೆಂದು ಮಾಡಿದ ತಂತಿಯಲ್ಲಿ ಅತ್ಯಂತ ಕೆಳದರ್ಜೆಯದೇ 85 ಡಿಗ್ರಿ ತಾಳಬೇಕು; ಎಂಜಿನ್ನಿನ ಬದಿಗೆ 125 ತಾಳುವಂತಹುದು ಇದೆ. ಡೀಸೆಲು, ಎಣ್ಣೆ, ತಿಕ್ಕಾಟ ಇವನ್ನೂ ಸಹಿಸುವಂತೆ ಅದನ್ನು ರೂಪಿಸಿರುತ್ತಾರೆ. ಟ್ರೇಲರು ಎಂಜಿನ್ನಿನಿಂದ ದೂರವಿರುವುದರಿಂದ ಅಲ್ಲಿ ಉಷ್ಣದ ವಾದಕ್ಕೆ ಬಲ ಕಡಿಮೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಒಂಟಿ ಎಳೆಯ ಗಡುಸು ತಂತಿಯನ್ನು ಎಲ್ಲಿಯೂ ಒಪ್ಪಲಾರೆವು. ಬಗ್ಗಿಸಿ ಬಗ್ಗಿಸಿ ಕಡ್ಡಿಯನ್ನು ಮುರಿಯುವಂತೆ ರಸ್ತೆಯ ಕುಲುಕಾಟವು ಅದನ್ನು ಮುರಿಯುತ್ತದೆ. 0.30 ಮಿಲಿಮೀಟರಿನ 28 ಎಳೆಗಳನ್ನು ಹೊಸೆದರೆ ಎರಡು ಚದರ ಮಿಲಿಮೀಟರಾಗುತ್ತದೆ. ಅಂತಹುದು ಬಳುಕುತ್ತದೆ, ಬಾಳುತ್ತದೆ.

ಎಲ್‌ಇಡಿ ದೀಪಗಳು ಬಂದಿರುವಾಗ ಈ ಲೆಕ್ಕ ಏತಕ್ಕೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆಯಲ್ಲಿ ಹುರುಳಿದೆ. 42 ವಾಟಿನ ಕೆಲಸವನ್ನು ಕೆಲವೇ ವಾಟುಗಳಲ್ಲಿ ಮಾಡುವ ದೀಪಕ್ಕೆ ತೆಳು ತಂತಿಯೂ ಸಾಕು. ಬಲ್ಬು ಬದಲಾಯಿಸುವವರು ಇದನ್ನೇ ಆರಿಸಲಿ. ಆದರೆ ತುಕ್ಕು ಹಿಡಿದ ಕೊಂಡಿ, ತಿರುಚಿ ಟೇಪು ಸುತ್ತಿದ ಕೀಲು, ತಪ್ಪು ಫ್ಯೂಸು ಇವು ಎಲ್‌ಇಡಿಯಿಂದ ಸರಿಹೋಗುವುದಿಲ್ಲ.

ಪ್ರೌಢಶಾಲೆಯಲ್ಲಿ ಓಮನ ನಿಯಮವನ್ನು ಕಲಿಸುತ್ತೇವೆ, ವಿಶಿಷ್ಟ ರೋಧವನ್ನು ಬಾಯಿಪಾಠ ಮಾಡಿಸುತ್ತೇವೆ. ‘ಹತ್ತು ಮೀಟರು ಟ್ರೇಲರಿಗೆ ಎಷ್ಟು ದಪ್ಪದ ತಂತಿ ಬೇಕು?’ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದ್ದನ್ನು ನಾವು ಕಾಣೆವು. ಕೇಳಬೇಕು. ಅಲ್ಲಿಯವರೆಗೆ, ಮೀಟರನ್ನು ಹಿಡಿಯಬಲ್ಲ ವಿದ್ಯಾರ್ಥಿಗಳು ಒಂದು ಭಾನುವಾರ ತಮ್ಮ ಊರಿನ ಟ್ರೇಲರುಗಳನ್ನು ನೋಡಿಬರಬಹುದು. ಬ್ರೇಕು ತುಳಿದಿರುವಾಗ ಬ್ಯಾಟರಿಯಲ್ಲಿ ಒಮ್ಮೆ, ಬಲ್ಬಿನ ಬುಡದಲ್ಲಿ ಒಮ್ಮೆ ಅಳೆಯಬೇಕು. ಅಂತರ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ, ಮೀಟರಿನ ಒಂದು ಮೊನೆಯನ್ನು ಟ್ರ್ಯಾಕ್ಟರಿನ ಮೈಗೂ ಇನ್ನೊಂದನ್ನು ಟ್ರೇಲರಿನ ಮೈಗೂ ಹಿಡಿದು, ಮತ್ತೆ ಬ್ರೇಕು ತುಳಿಯಲು ಹೇಳಬೇಕು. ಅಲ್ಲಿ ಕಾಣುವ ವೋಲ್ಟು ಕೊಂಡಿಯ ಪಾಲು. ಉಳಿದದ್ದು ತಂತಿಯದು ಮತ್ತು ಕೀಲುಗಳದು.