ಸಣ್ಣ ಹಾವೆಂದು ಸಸಾರ ಬೇಡ

ಹಟ್ಟಿ, ಲಿಂಗಸುಗೂರು, ಮಸ್ಕಿ ಕಡೆಯಂಥ ಒಣ ಕಲ್ಲುನೆಲ ಗರಗಸ ಮಂಡಲ ಹಾವಿಗೆ ಹೇಳಿಮಾಡಿಸಿದ ಜಾಗ. ಸಾಮಾನ್ಯವಾಗಿ ಒಂದೂವರೆ ಅಡಿ ಆಸುಪಾಸಿನ ಹಾವು. ಹಗಲು ಕಲ್ಲಿನಡಿ ಅಡಗಿದ್ದು, ಕತ್ತಲಾದ ಮೇಲೆ ಚೇಳು, ಜರಿ, ಹಲ್ಲಿ, ಇಲಿಮರಿಗಳನ್ನು ಹುಡುಕಿ ಹೊರಡುತ್ತದೆ. ಕೆಣಕಿದರೆ ಮೈ ಸುರುಳಿ ಮಾಡಿ ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಗರಗಸ ಎಳೆದಂಥ ಸದ್ದು! ನಮ್ಮಲ್ಲಿ ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ.

ನನ್ನ ತಕರಾರು ಹಾವಿನ ಮೇಲಲ್ಲ, ‘ಸಣ್ಣದು, ಏನಾದೀತು’ ಎಂಬ ಮಾತಿನ ಮೇಲೆ. ಇದರ ವಿಷ ರಕ್ತದಲ್ಲಿನ ಹೆಪ್ಪುಗಟ್ಟಿಸುವ ಅಂಶಗಳನ್ನು ಬರಿದು ಮಾಡುತ್ತದೆ. ಮೊದಲು ಬರೀ ನೋವು, ಬಾವು. ತಾಸುಗಳ ನಂತರ ವಸಡಿನಲ್ಲಿ, ಮೂತ್ರದಲ್ಲಿ ರಕ್ತ. ಪತ್ತೆಗೆ ದೊಡ್ಡ ಯಂತ್ರವೇನೂ ಬೇಡ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಬೇಕು. ಹೆಪ್ಪುಗಟ್ಟದಿದ್ದರೆ ವಿಷ ಕೆಲಸ ಶುರುಮಾಡಿದೆ.

ರಾಜ್ಯ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಒಳ್ಳೆಯದೇ. ಆದರೆ ಲೆಕ್ಕ ಬರೆದರಷ್ಟೇ ಸಾಲದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆ ನಳಿಕೆ, ಪ್ರತಿವಿಷ ಎರಡೂ ಸಿಗಬೇಕು. ಮನೆಯವರು ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇರಿಸಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.